ಹೊಳೆಯ ತಿರುವು ಹೊಂದಲಿಲ್ಲ

ಹಿಮ ನೋಡದವರು ಹಿಮದ ಬಗ್ಗೆ ಬರೆಯಬಾರದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪಿಕೊಳ್ಳುತ್ತೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಮನೆಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಹಿಮವಿತ್ತು. ತಿಲಕ್ ನಗರದಲ್ಲಿ ಎರಡು ಕೋಣೆಯ ಮನೆ. ಮೇಲೆ ಶೀಟು. ಏಪ್ರಿಲಿನಲ್ಲಿ ಮಧ್ಯಾಹ್ನ ಒಳಗೆ ಕೂತರೆ ತಲೆ ಕಾಯುತ್ತಿತ್ತು. ಅಂಥ ಮನೆಯ ನಡುಕೋಣೆಯಲ್ಲಿ, ನಾವು ಊಟಕ್ಕೆ ಕೂರುವ ಚಾಪೆಯ ಮೇಲೆ, ಒಂದು ಹಿಮನದಿ ಉದ್ದಕ್ಕೆ ಮಲಗಿರುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಲೋಟ. ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಅದನ್ನು ದಾಟಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು.

ಅಪ್ಪ ಹೋದ ಮೇಲೆ ನಾವು ಮೂವರೇ: ಅಮ್ಮ, ಅಣ್ಣ, ನಾನು. ಅಣ್ಣ ಕಲ್ಲಿನ ಮೇಲೆ ಪಿಎಚ್.ಡಿ. ಮಾಡಿದ್ದ. ನಮ್ಮ ಬೆಂಗಳೂರಿನ ಸುತ್ತಮುತ್ತ ಇರುವ ಈ ಗಟ್ಟಿ ಬೂದು ಕಲ್ಲು ಇದೆಯಲ್ಲ, ಅದರ ಮೇಲೆ. ಆದ ಮೇಲೆ ಮೂರು ವರ್ಷ ಕೆಲಸವಿಲ್ಲ. ಎದುರು ಮನೆಯ ಆಂಟಿ ದಿನಾ ಬೆಳಿಗ್ಗೆ ಕಸ ಗುಡಿಸುತ್ತಾ ಕಾದಿರುತ್ತಿದ್ದರು.

"ಏನ್ ಡಾಕ್ಟ್ರೇ, ನಮ್ಮನೆಯವ್ರಿಗೆ ನಿನ್ನೆಯಿಂದ ಕೆಮ್ಮು. ಏನಾದ್ರೂ ಬರ್ಕೊಡ್ತೀರಾ?"

"ಆಂಟಿ, ನಂದು ಬರೀ ಕಲ್ಲು. ಅಂಕಲ್ ಎದೇಲಿ ಕಲ್ಲೇನಾದ್ರೂ ಇದ್ರೆ ಹೇಳಿ, ನೋಡ್ತೀನಿ."

"ಎದೇಲೇ ಇರೋದು ಕಣಪ್ಪ, ಮೂವತ್ತು ವರ್ಷದಿಂದ ನೋಡ್ತಿದೀನಲ್ಲ."

ಅವನು ನಗುತ್ತಲೇ ಕೆಲಸ ಹುಡುಕಲು ಸೈಕಲ್ ಹತ್ತುತ್ತಿದ್ದ. ಆ ನಗು ಜಯನಗರದ ನಾಲ್ಕನೇ ಬ್ಲಾಕಿನ ತನಕವೂ ಇರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಆಮೇಲೆ ಒಂದು ಸಂಸ್ಥೆಯಿಂದ ಕಾಗದ ಬಂತು. ಪಿಎಚ್.ಡಿ. ಮುಗಿಸಿದವರಿಗೆ ಕೊಡುವ ಸಂಶೋಧನೆಯ ಕೆಲಸ. ಉಪಗ್ರಹ ತೆಗೆದ ಚಿತ್ರಗಳನ್ನು ಇಟ್ಟುಕೊಂಡು ಹಿಮಾಲಯದ ಒಂದು ಹಿಮನದಿ ಎಷ್ಟು ವೇಗವಾಗಿ ಜಾರುತ್ತಿದೆ ಎಂದು ಅಳೆಯಬೇಕು. ಮೊದಲಿಗೆ ಒಂದು ವರ್ಷ. ಒಂಬತ್ತು ತಿಂಗಳಾದ ಮೇಲೆ ದೊಡ್ಡವರೆಲ್ಲ ಕೂತು ಕೆಲಸ ನೋಡುತ್ತಾರೆ. ಒಪ್ಪಿಗೆಯಾದರೆ ಇನ್ನೂ ಎರಡು ವರ್ಷ, ಜೊತೆಗೆ ಅದರ ಮುಂದಿನ ಜೂನಿನಲ್ಲಿ ಆ ಹಿಮನದಿಯ ಮೇಲೆ ಹೋಗಿ ನಿಲ್ಲುವ ಅವಕಾಶ. ಒಪ್ಪಿಗೆಯಾಗದಿದ್ದರೆ ಮತ್ತೆ ಸೈಕಲ್ಲು, ಮತ್ತೆ ಆಂಟಿಯ ಕೆಮ್ಮು.

ಮೊದಲ ಚಿತ್ರ ತಂದ ದಿನ ಅವನು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ.

"ಏನಿದು ಹೇಳು ನೋಡಣ."

"ಯಾರೋ ಹಾಲು ಚೆಲ್ಲಿದಾರೆ. ಪಕ್ಕದಲ್ಲಿ ಕುಂಕುಮಾನೂ ಚೆಲ್ಲಿದಾರೆ."

"ಕುಂಕುಮ ಅಲ್ಲ ಕಣೆ, ಅದು ಗಿಡ ಮರ. ಈ ಥರದ ಚಿತ್ರದಲ್ಲಿ ಹಸಿರೆಲ್ಲ ಕೆಂಪಾಗಿ ಬರತ್ತೆ. ಹಾಲು ಅಂದ್ಯಲ್ಲ, ಅದೇ ಐಸು. ಒಂಬೈನೂರು ಕಿಲೋಮೀಟರ್ ಮೇಲಿಂದ ತೆಗ್ದಿದ್ದು."

"ಅಷ್ಟು ಮೇಲಿಂದ ನಮ್ಮನೆ ಶೀಟು ಕಾಣಲ್ವಾ? ತೂತು ಎಲ್ಲಿದೆ ಅಂತ ನೋಡ್ಬೋದಿತ್ತು" ಎಂದಳು ಅಮ್ಮ.

ನನಗೆ ಆಗ ಇಪ್ಪತ್ತೊಂದು. ಎಸ್ಸೆಸ್ಸೆಲ್ಸಿಗೇ ಓದು ನಿಂತಿತ್ತು. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಮಹಡಿಯ ಮೇಲಿದ್ದ ಒಂದು ಡ್ರಾಯಿಂಗ್ ಆಫೀಸಿನಲ್ಲಿ ನಾನು ಟ್ರೇಸರ್. ಮನೆಗಳ, ಲೇಔಟುಗಳ ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಹಾಕಿ ಇಂಕಿನಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ತಪ್ಪಿದರೆ ಶೇವಿಂಗ್ ಬ್ಲೇಡನ್ನು ಅರ್ಧ ಮುರಿದು ಇಂಕನ್ನು ಮೆಲ್ಲಗೆ ಕೆರೆದು ತೆಗೆದು, ಉಗುರಿನಿಂದ ಉಜ್ಜಿ ನಯ ಮಾಡಿ, ಮತ್ತೆ ಎಳೆಯಬೇಕು. ಅದರಲ್ಲಿ ನಾನು ಗಟ್ಟಿಗಿತ್ತಿ. ನಾನು ಕೆರೆದ ಜಾಗವನ್ನು ನಮ್ಮ ಸಾರ್ ಕೂಡ ಹುಡುಕಲಾರದೆ ಸೋಲುತ್ತಿದ್ದರು.

ಹಿಮನದಿಯನ್ನು ನಾನು ನಾನಾಗಿಯೇ ಕಲಿತೆ. ಅಣ್ಣ ತಂದ ಇಂಗ್ಲಿಷ್ ಪುಸ್ತಕಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಮೇಲೆ ಬಿದ್ದ ಹಿಮ ವರ್ಷ ವರ್ಷಕ್ಕೂ ಒತ್ತಿಕೊಂಡು ಗಡ್ಡೆಯಾಗುತ್ತದೆ, ತನ್ನ ಭಾರಕ್ಕೆ ತಾನೇ ಕಣಿವೆಯಲ್ಲಿ ಕೆಳಗೆ ಸರಿಯುತ್ತದೆ, ಎದುರು ನಿಂತವರಿಗೂ ಗೊತ್ತಾಗದಷ್ಟು ನಿಧಾನ. ಬಸ್ಸಿನಲ್ಲಿ ಪಕ್ಕ ಕೂತ ಮೇಡಂಗೆ ಇದನ್ನೆಲ್ಲ ಹೇಳಿ, ಅವರು ಒಂದು ಸ್ಟಾಪ್ ಮೊದಲೇ ಇಳಿದುಹೋದದ್ದೂ ಉಂಟು.

ಅಳೆಯುವ ವಿಧಾನ ಸರಳ. ಒಂದೇ ಜಾಗದ ಎರಡು ಚಿತ್ರ, ನಡುವೆ ಎಂಟು ವರ್ಷ. ಎರಡನ್ನೂ ಬೇರೆ ಬೇರೆ ಹಾಳೆಗೆ ಟ್ರೇಸ್ ಮಾಡಬೇಕು. ಅಲ್ಲಾಡದ ನಾಲ್ಕು ಜಾಗಗಳನ್ನು ಎರಡರಲ್ಲೂ ಗುರುತಿಸಬೇಕು. ಆ ನಾಲ್ಕೂ ಕೂಡುವ ಹಾಗೆ ಒಂದು ಹಾಳೆಯನ್ನು ಇನ್ನೊಂದರ ಮೇಲಿಟ್ಟು ಪಿನ್ ಚುಚ್ಚಿದರೆ, ಐಸಿನ ಮೇಲಿನ ಪಟ್ಟೆಗಳು ಎಷ್ಟು ಮುಂದೆ ಹೋಗಿವೆ ಎಂದು ಸ್ಕೇಲಿನಲ್ಲಿ ಅಳೆಯಬಹುದು. ಸಂಸ್ಥೆಯಲ್ಲಿ ಕಂಪ್ಯೂಟರ್ ಇತ್ತು, ಆದರೆ ಅಣ್ಣನಂಥವರಿಗೆ ಅದರ ಸರದಿ ಬರುತ್ತಿರಲಿಲ್ಲ. ಅಲ್ಲಿಯ ಟ್ರೇಸರ್ ಕೈಯಲ್ಲಿ ಬೇರೆಯವರ ಕೆಲಸ ಗುಡ್ಡೆ ಬಿದ್ದಿತ್ತು.

"ನೀನು ಮಾಡ್ತೀಯಾ?" ಎಂದ ಅಣ್ಣ.

ನಾನು ಆಗಲೇ ಪೆನ್ನು ತೊಳೆಯುತ್ತಿದ್ದೆ.

"ಮಾಡಿದ್ರೆ ನಿನ್ನ ಹೆಸರು ಹಾಕ್ತೀನಿ. ಕೊನೇ ಪೇಜಲ್ಲಿ. ಹೆಸರು ಅಚ್ಚಾಗತ್ತೆ ನಿಂದು."

"ನಂಗೂ ಜೂನಲ್ಲಿ ಐಸ್ ತೋರಿಸ್ತೀಯಾ?"

"ನಾಲ್ಕನೇ ಬ್ಲಾಕಲ್ಲಿ ಐಸ್ ಕ್ಯಾಂಡಿ ಕೊಡಿಸ್ತೀನಿ, ಬಾ."

ಜೂನಿನ ಮಾತು ಕೇಳಿದ್ದೇ ಅಮ್ಮ ಉಲ್ಲನ್ ತಂದಳು.

"ಅಲ್ಲಿ ಚಳಿ ನಮ್ ಡಿಸೆಂಬರ್ ಥರಾನಾ?"

"ಡಿಸೆಂಬರಿಗೇ ಅಪ್ಪ ಅದು" ಎಂದ ಅಣ್ಣ.

"ಹಂಗಾದ್ರೆ ಎರಡೆಳೆ ಸೇರ್ಸಿ ಹಾಕ್ತೀನಿ." ಎದುರು ಮನೆಯ ಆಂಟಿಗೂ ಆ ದಿನವೇ ವಿಷಯ ಹೋಯಿತು. ಮರುದಿನದಿಂದ ಅವರು ಕೆಮ್ಮು ಬಿಟ್ಟು "ಏನ್ ಡಾಕ್ಟ್ರೇ, ಐಸ್ ಎಷ್ಟು ದೂರ ಬಂತು? ಸಿಲ್ಕ್ ಬೋರ್ಡ್ ದಾಟ್ತಾ?" ಎನ್ನತೊಡಗಿದರು. ಅಣ್ಣನ ನಗು ಈಗ ನಾಲ್ಕನೇ ಬ್ಲಾಕನ್ನೂ ದಾಟುತ್ತಿತ್ತು.

ಇಲ್ಲಿ ನಮ್ಮ ಆಫೀಸಿನ ಸಾರ್ ಬಗ್ಗೆ ಹೇಳಬೇಕು. ಆಗ ಬಿಟಿಎಂ ಲೇಔಟು ಎಂದರೆ ಹೊಲಗದ್ದೆ, ಹುಲ್ಲು, ನಡುನಡುವೆ ನೆಟ್ಟ ಸೈಟಿನ ಕಲ್ಲುಗಳು. ಅಲ್ಲಿಯ ಅಳತೆ ನಮ್ಮ ಆಫೀಸಿಗೆ ಬರುತ್ತಿತ್ತು. ಸೈಟಿನ ಕಲ್ಲನ್ನು ಕಿತ್ತು ಮೂರಡಿ ಆಚೆ ನೆಡುವವರು ಎಲ್ಲ ಕಡೆ ಇದ್ದರು. ನೆಟ್ಟು, ಸುತ್ತ ಹುಲ್ಲೂ ಬೆಳೆಸಿಬಿಡುತ್ತಿದ್ದರು. ಆದ್ದರಿಂದ ಸಾರ್ ಯಾವ ಹಾಳೆ ಬಂದರೂ ಮೊದಲು ಬಾವಿ ಹುಡುಕುತ್ತಿದ್ದರು.

"ಈ ಊರಲ್ಲಿ ಕಲ್ಲಿಗೂ ಕಾಲಿದೆ ಕಣಮ್ಮ" ಎನ್ನುತ್ತಿದ್ದರು. "ಬಾವೀನ ಯಾರೂ ಎತ್ಕೊಂಡು ಹೋಗೋಕಾಗಲ್ಲ. ಮೊದ್ಲು ಬಾವಿ ಎಲ್ಲಿದೆ ನೋಡು, ಅಲ್ಲಿಂದ ಶುರು ಮಾಡು."

ದಿನಕ್ಕೆರಡು ಸಲ ಕೇಳುತ್ತಿದ್ದ ಮಾತು. ಮನೆಗೆ ಬಂದು ಹಿಮನದಿಯ ಮುಂದೆ ಮಂಡಿಯೂರಿದಾಗ ಮಾತ್ರ ಒಮ್ಮೆಯೂ ನೆನಪಾಗಲಿಲ್ಲ.

ನಾಲ್ಕು ಜಾಗಗಳನ್ನು ಆರಿಸಿದ್ದು ನಾನು. ಅಣ್ಣ ಹೇಳಿದ್ದು ಇಷ್ಟೇ: "ಎರಡರಲ್ಲೂ ಚೆನ್ನಾಗಿ ಕಾಣೋದು, ಅಲ್ಲಾಡದೇ ಇರೋದು ನೋಡಿ ಹಿಡಿ. ನಿನ್ನ ಕಣ್ಣು ನನಗಿಂತ ಚುರುಕು." ನಮ್ಮಿಬ್ಬರ ತಲೆಯಲ್ಲೂ ಲೆಕ್ಕ ಸ್ಪಷ್ಟವಿತ್ತು. ಬಿಳಿ ಎಂದರೆ ಐಸು, ಕಪ್ಪು ಎಂದರೆ ನೆಲ. ಪುಸ್ತಕದ ಚಿತ್ರಗಳಲ್ಲೂ ಹಾಗೇ. ಹಿಮನದಿಯ ಬಿಳಿ ಮುಗಿದ ಕಡೆ, ಕೆಳಗೆ, ಬೂದುಗಪ್ಪು ಬಯಲೊಂದಿತ್ತು. ಅದರಲ್ಲಿ ರಾಗಿ ಕಾಳಿನಂಥ ಕಪ್ಪು ಚುಕ್ಕೆಗಳು. ಎರಡು ಚಿತ್ರದಲ್ಲೂ ಅವೇ ಚುಕ್ಕೆ, ಅದೇ ಸಾಲು. ಇದಕ್ಕಿಂತ ಗಟ್ಟಿಯಾದದ್ದು ಏನು ಬೇಕು? ದೊಡ್ಡ ಬಂಡೆಗಳ ಗುಂಪು ಅಂದುಕೊಂಡೆ. ಅಣ್ಣ ಲೆನ್ಸಿನಲ್ಲಿ ನೋಡಿ, "ಸಖತ್ ಕಣೆ" ಎಂದ. ಕಲ್ಲಿನ ಡಾಕ್ಟರಿಗೆ ಕಲ್ಲು ಕಂಡರೆ ಅನುಮಾನ ಬರುವುದುಂಟೇ.

ಆಗಸ್ಟಿನ ಒಂದು ಭಾನುವಾರ. ಮಧ್ಯಾಹ್ನದಿಂದ ಮಳೆ. ಮಂಗಳವಾರ ದೊಡ್ಡವರ ಮುಂದೆ ಇಡಬೇಕು. ಅಣ್ಣ ಕೊನೆಯ ಪುಟಗಳನ್ನು ಟೈಪ್ ಮಾಡಿಸಿಕೊಂಡು ಬಂದಿದ್ದ. ಕೊನೇ ಪುಟದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು, ಎಲ್ಲ ಹಾಳೆಗಳನ್ನೂ ಎಳೆದವಳು ನನ್ನ ತಂಗಿ ಎಂದು, ನನ್ನ ಹೆಸರಿನ ಸಮೇತ. ನಾನು ಅದನ್ನು ಎಷ್ಟು ಸಲ ಓದಿದೆನೋ. ಆಮೇಲೆ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು, ನಾಲ್ಕು ಕಪ್ಪು ಚುಕ್ಕೆಗೆ ಪಿನ್ ಚುಚ್ಚಿದೆ. ಕರಾರುವಾಕ್ಕಾಗಿ ಕೂತವು. ಐಸಿನ ಪಟ್ಟೆಗಳ ಅಳತೆಯೂ ವರದಿಗೆ ಕೊಟ್ಟಿದ್ದಷ್ಟೇ ಬಂತು.

ಪಕ್ಕದ ಕೋಣೆಯಿಂದ ಅಣ್ಣ ಕೂಗಿದ: "ಕೆಳಗಡೆ ಹೊಳೆ ತಿರುಗತ್ತಲ್ಲ, ಬಂಡೆ ಸುತ್ತ, ಅದು ಹೊಂದ್ತಾ ನೋಡು. ಅದೊಂದು ಚೆಕ್ ಮಾಡ್ಬಿಡು."

ಐಸು ಕರಗಿ ಹರಿಯುವ ಹೊಳೆ ಅದು. ನೆಲಕ್ಕೆ ಬೇರೂರಿದ ದೊಡ್ಡ ಬಂಡೆಯೊಂದನ್ನು ಸುತ್ತು ಹಾಕಿ ತಿರುಗುತ್ತದೆ, ಹಾಗಾಗಿ ಎಷ್ಟು ವರ್ಷವಾದರೂ ತಿರುವು ಅಲ್ಲೇ ಇರಬೇಕು. ನೋಡಿದೆ. ಹೊಂದಿರಲಿಲ್ಲ. ಒಂದು ಹಾಳೆಯ ತಿರುವು ಇನ್ನೊಂದರದಕ್ಕಿಂತ ಎರಡು ಮಿಲಿಮೀಟರ್ ಮೇಲಿತ್ತು.

ಆ ಗಳಿಗೆಯಲ್ಲಿ ನನಗೆ ಏನನ್ನಿಸಿತು ಎಂದು ಪ್ರಾಮಾಣಿಕವಾಗಿ ಬರೆಯುತ್ತೇನೆ. ಮಳೆಗಾಲ, ಅಂದುಕೊಂಡೆ. ಮಳೆಗಾಲದಲ್ಲಿ ಟ್ರೇಸಿಂಗ್ ಪೇಪರ್ ತೇವ ಕುಡಿದು ಹಿಗ್ಗುತ್ತದೆ. ಇದು ನನಗೆ ಗೊತ್ತು, ಅಣ್ಣನಿಗೆ ಗೊತ್ತಿಲ್ಲ. ನಮ್ಮ ಆಫೀಸಿನಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ದಿನಾ ಇದೇ ಪಾಡು. ಹಾಳೆಯನ್ನು ಒಂಚೂರು ಸರಿಸಿಕೊಂಡು, ಹೊಂದದ ಮೂಲೆಯನ್ನು ಹೊಂದಿಸಿ ಎಳೆಯುತ್ತೇವೆ. ಅದನ್ನು ಯಾರೂ ತಪ್ಪು ಎನ್ನುವುದಿಲ್ಲ, ಕೈಚಳಕ ಎನ್ನುತ್ತಾರೆ. ಅರ್ಧ ಬ್ಲೇಡು ತೆಗೆದುಕೊಂಡೆ. ಮೇಲಿನ ಹಾಳೆಯ ತಿರುವನ್ನು ಕೆರೆದೆ. ಉಗುರಿನಿಂದ ಉಜ್ಜಿದೆ. ಕೆಳಗಿನ ಹಾಳೆಯ ತಿರುವಿನ ಮೇಲೆಯೇ ಹೊಸದಾಗಿ ಎಳೆದೆ.

"ಏನೇ, ಹೊಂದ್ತಾ?"

"ಹೊಂದ್ತು."

ಎರಡು ಮಿಲಿಮೀಟರ್ ವ್ಯತ್ಯಾಸ ಬಂತು ಅಣ್ಣ, ಪೇಪರ್ ಹಿಗ್ಗಿರಬೇಕು, ಬಂದು ನೋಡು ಎಂದು ಹೇಳಬಹುದಿತ್ತು. ಅವನು ಎದ್ದು ಬಂದು ನೋಡುತ್ತಿದ್ದ. ಹಾಳೆಯ ಬೇರೆಲ್ಲೂ ಹಿಗ್ಗದ ಪೇಪರ್ ಹೊಳೆಯ ಹತ್ತಿರ ಮಾತ್ರ ಏಕೆ ಹಿಗ್ಗಿತು ಎಂದು ಕೇಳುತ್ತಿದ್ದ. ನಾನು ಹೇಳಲಿಲ್ಲ. ಕೊನೇ ಪುಟದಲ್ಲಿ ನನ್ನ ಹೆಸರಿತ್ತು. ಹೆಸರಿನ ಪಕ್ಕ ಹೊಂದದ ಹೊಳೆಯೊಂದು ಇರುವುದು ನನಗೆ ಬೇಡವಾಗಿತ್ತು.

ಮಂಗಳವಾರ ಸಂಜೆ ನಾಲ್ಕನೇ ಬ್ಲಾಕಿನ ಬಸ್ ಸ್ಟ್ಯಾಂಡಿನಲ್ಲಿ ಸಿಗುವುದೆಂದು ಮಾತಾಗಿತ್ತು. ಅಲ್ಲಿಂದ ಮಸಾಲೆ ದೋಸೆಗೆ. ನಾನು ಅರ್ಧ ಗಂಟೆ ಮೊದಲೇ ನಿಂತಿದ್ದೆ. ಅಣ್ಣ ಬಸ್ಸಿನಿಂದ ಇಳಿದ. ಕೈಯಲ್ಲಿ ಹಾಳೆಗಳ ಉದ್ದನೆಯ ಡಬ್ಬಿ. ಬೆಳಿಗ್ಗೆ ಅಮ್ಮ ಇಟ್ಟ ಕುಂಕುಮ ಹಣೆಯಲ್ಲಿ ಹಾಗೇ ಇತ್ತು.

"ಏನಾಯ್ತು?"

"ಆಯ್ತು."

"ಆಯ್ತು ಅಂದ್ರೆ?"

"ಕಾಫಿ ಕುಡಿಯೋಣ ಬಾ. ದೋಸೆ ಇನ್ನೊಂದ್ಸಲ."

ಅಲ್ಲಿ ನಡೆದದ್ದನ್ನು ಅವನು ಒಂದೇ ದಿನ ಹೇಳಲಿಲ್ಲ. ಒಂದೊಂದು ಸಂಜೆ ಒಂದೊಂದು ಚೂರು. ದೊಡ್ಡವರಲ್ಲಿ ಒಬ್ಬರು ಬಹಳ ವಯಸ್ಸಾದವರು, ಹಿಮದಲ್ಲಿ ಹತ್ತಾರು ಬೇಸಿಗೆ ನಡೆದವರು. ಬಲಗೈಯ ಎರಡು ಬೆರಳ ತುದಿ ಚಳಿಗೆ ಹೋಗಿತ್ತಂತೆ. ಆ ಮೊಂಡು ಬೆರಳನ್ನು ನಾಲ್ಕು ಚುಕ್ಕೆಗಳ ಮೇಲಿಟ್ಟು ಕೇಳಿದರಂತೆ, "ಇದೇನಪ್ಪ?"

"ಬಂಡೆ ಸಾರ್. ನೆಲ."

"ನೆಲ ಅಲ್ಲಪ್ಪ. ಅಡೀಲಿ ಐಸೇ ಇದೆ. ಮೇಲಿಂದ ಉರುಳಿದ ಕಲ್ಲುಮಣ್ಣು ಹೊತ್ಕೊಂಡು ಕಪ್ಪಗಾಗಿದೆ, ಅಷ್ಟೇ. ಅದೂ ಜಾರ್ತಿದೆ. ನೀನು ಓಡೋ ಬಸ್ಸಲ್ಲಿ ಕೂತು ಇನ್ನೊಂದು ಬಸ್ಸಿನ ಸ್ಪೀಡ್ ನೋಡಿದೀಯ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ ಎಂದ ಅಣ್ಣ. ಇದ್ದಿದ್ದರೆ ವಾಸಿಯಾಗಿತ್ತು ಎಂದ.

"ನೀನು ಯಾವತ್ತಾದ್ರೂ ಐಸಿನ ಮೇಲೆ ನಿಂತಿದ್ದೀಯಾ?"

"ಇಲ್ಲ ಸಾರ್."

"ಈ ಜಾಗಗಳನ್ನ ಆರಿಸಿದ್ದು ಯಾರು?"

"ನಾನೇ ಸಾರ್."

ಹದಿನೈದು ದಿನಕ್ಕೆ ಕಾಗದ ಬಂತು. ಮುಂದುವರಿಸಲಾಗುವುದಿಲ್ಲ. ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಂಡರು. ನಮ್ಮ ಆಫೀಸಿನ ಸಾರ್‌ಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ಬಾವಿಯ ಮಾತು ಎತ್ತಲಿಲ್ಲ. ಅದಾದ ಮೇಲೆ ನನ್ನೆದುರು ಆ ಮಾತನ್ನು ಅವರು ಎಂದೂ ಆಡಲಿಲ್ಲ.

ಆ ಮಂಗಳವಾರದ ಶರ್ಟನ್ನು ಒಗೆಯಲು ತೆಗೆದುಕೊಂಡಿದ್ದು ನಾನು. ನೀರಿಗೆ ಹಾಕುವ ಮೊದಲು ಜೇಬು ನೋಡಿದೆ. ನಾಲ್ಕು ಮಡಿಕೆಯ ಒಂದು ಹಾಳೆ. ವರದಿಯ ಕೊನೇ ಪುಟ. ಅಂಚು ಹರಿದಿತ್ತು, ನೆಟ್ಟಗೆ ಹರಿಯದೆ ಹಲ್ಲು ಹಲ್ಲಾಗಿ, ಮೇಜಿನ ಕೆಳಗೆ ಕೈಯಿಟ್ಟು ಹರಿದ ಹಾಗೆ. ಅದರಲ್ಲಿ ನನ್ನ ಹೆಸರಿನ ಆ ಒಂದು ಸಾಲು. ನಾನು ಅದನ್ನು ಮಡಿಸಿ ನನ್ನ ಬಳಿ ಇಟ್ಟುಕೊಂಡೆ. ಅವನು ಜೇಬಿನಲ್ಲಿ ಏನಾದರೂ ಇತ್ತೇ ಎಂದು ಕೇಳಲಿಲ್ಲ.

ಡಿಸೆಂಬರಿನಲ್ಲಿ ಗೊಟ್ಟಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಅವನಿಗೆ ಮೇಷ್ಟರ ಕೆಲಸ ಸಿಕ್ಕಿತು. ಸ್ವೆಟರಿಗೆ ಒಂದು ತೋಳು ಬಾಕಿಯಿತ್ತು. ನಿಲ್ಲಿಸು ಎಂದು ಅಮ್ಮನಿಗೆ ಯಾರೂ ಹೇಳಲಿಲ್ಲ, ಅವಳು ಹಾಕುತ್ತಲೇ ಹೋದಳು. ಎರಡೆಳೆಯ ಸ್ವೆಟರ್ ಹಾಕಿಕೊಂಡು ಅವನು ಬೆಳಿಗ್ಗೆ ಹೊರಟರೆ ಬನ್ನೇರುಘಟ್ಟ ರಸ್ತೆಯಲ್ಲಿ ಅರೆಕೆರೆ ಬರುವಷ್ಟರಲ್ಲಿ ಬೆವರಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದನಂತೆ. ಎದುರು ಮನೆಯ ಆಂಟಿ ಅವನನ್ನು ಡಾಕ್ಟ್ರೇ ಎನ್ನುವುದನ್ನು ಬಿಟ್ಟರು. "ಸ್ಕೂಲಿಗಾ?" ಎಂದಷ್ಟೇ ಕೇಳುತ್ತಿದ್ದರು, ಮೆಲ್ಲಗೆ. ಅವರ ಆ ಮೆಲುದನಿ ನನಗೆ ಹಳೆಯ ತಮಾಷೆಗಿಂತ ಹೆಚ್ಚು ಚುಚ್ಚುತ್ತಿತ್ತು.

ಜೂನ್ ಬಂತು. ಅವನು ಐಸಿನ ಮೇಲೆ ನಿಲ್ಲಬೇಕಾಗಿದ್ದ ಜೂನ್. ಒಂದು ಶನಿವಾರ ಅವನು ಸ್ಕೂಲಿಗೆ ಹೋಗಿದ್ದಾಗ ಮಂಚದ ಕೆಳಗಿಂದ ಡಬ್ಬಿ ತೆಗೆದೆ. ಹಾಳೆಯನ್ನು ಕಿಟಕಿಗೆ ಹಿಡಿದೆ. ನಾನು ಕೆರೆದ ಜಾಗ ಬೆಳಕಿನಲ್ಲಿ ತೆಳ್ಳಗೆ, ಬಿಳಿಚಿಕೊಂಡು, ಹಳೆಯ ತಿರುವಿನ ಆಕಾರದಲ್ಲೇ ಕಾಣುತ್ತಿತ್ತು. ಯಾರಿಗೂ ಸಿಗದು ಎಂದುಕೊಂಡಿದ್ದೆ. ಬೆಳಕಿಗೆ ಹಿಡಿದರೆ ಎಂಥವರಿಗೂ ಸಿಗುತ್ತಿತ್ತು. ಆ ಗಾಯದ ಮೇಲೆಯೇ ಪೆನ್ನು ಓಡಿಸಿ ಹೊಳೆಯನ್ನು ಅದರ ಜಾಗಕ್ಕೆ ವಾಪಸ್ಸು ಕೂರಿಸಿದೆ. ಮೇಲುಗಡೆ, ಎರಡು ಹಾಳೆಯಲ್ಲೂ ಪೆನ್ಸಿಲಿನಲ್ಲಿ ಗುರುತಿಸಿ ಆಮೇಲೆ ಮರೆತಿದ್ದ ಗುಡ್ಡದ ಏಣೊಂದಿತ್ತು, ಐಸು ತಾಗದ ಚೂಪು ಅಂಚು. ಹೊಳೆಯ ತಿರುವು, ಗುಡ್ಡದ ಏಣು ಎರಡನ್ನೂ ಕೂಡಿಸಿ ಪಿನ್ ಚುಚ್ಚಿದೆ. ನಾಲ್ಕು ಕಪ್ಪು ಚುಕ್ಕೆಗಳೂ ಹಳೆಯ ಚಿತ್ರದ ಜಾಗ ಬಿಟ್ಟು, ಹೊಸದರಲ್ಲಿ ಕೆಳಗೆ ಹೊರಟು ನಿಂತಿದ್ದವು. ಐಸಿನ ಪಟ್ಟೆಗಳನ್ನು ಅಳೆದೆ. ಮೂರು ಸಲ ಅಳೆದೆ.

ಸಂಜೆ ಅಣ್ಣ ಬಂದು ಮುಖ ತೊಳೆದ. ಹಾಳೆಗಳನ್ನು ಚಾಪೆಯ ಮೇಲೆ ಹರಡಿದ್ದೆ, ನಾಲ್ಕು ಮೂಲೆಗೆ ನಾಲ್ಕು ಲೋಟ.

"ಅಣ್ಣ, ಅವತ್ತು ಹೊಳೆ ಹೊಂದಿರ್ಲಿಲ್ಲ. ನಾನು ಕೆರ್ದು ಕೂರ್ಸಿದ್ದೆ."

ಅವನು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ನಿಂತ.

"ಗೊತ್ತು."

"ಯಾವಾಗಿಂದ?"

"ಅವತ್ತಿಂದಾನೇ. ಆ ವಯಸ್ಸಾದವರು ಹಾಳೆ ಎತ್ತಿ ಲೈಟಿಗೆ ಹಿಡಿದ್ರು. ನಾನು ಈಚೆ ಕಡೆ ಕೂತಿದ್ದೆ. ಅವರಿಗೆ ಕಾಣ್ತೋ ಇಲ್ವೋ, ನಂಗ್ ಕಾಣ್ತು."

"ಆದ್ರೂ ನೀನು..."

"ಚುಕ್ಕೆ ನಾನೂ ನೋಡಿದ್ದೆ ಕಣೆ. ಲೆನ್ಸ್ ಇಟ್ಕೊಂಡು ನೋಡಿದ್ದೆ." ಟವೆಲಿನ ತುದಿಯಲ್ಲಿ ಕಿವಿ ಒರೆಸಿಕೊಂಡ. "ಹೊಳೇದೊಂದು ಹೇಳಿದ್ರೆ ಆಗ್ತಿತ್ತು. ಎರಡು ದಿನ ಇತ್ತಲ್ಲ ಇನ್ನೂ."

ಅಷ್ಟೇ. ಈ ವಿಷಯದಲ್ಲಿ ಅವನು ನನ್ನನ್ನು ಅಂದದ್ದು ಅದೊಂದೇ ಮಾತು. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ.

ಆಮೇಲೆ ಮಂಡಿಯೂರಿ ಹಾಳೆ ನೋಡಿದ. ತಿರುವು ನೋಡಿದ, ಏಣು ನೋಡಿದ, ಪಿನ್ನುಗಳನ್ನು ಬೆರಳಿನಿಂದ ಒತ್ತಿ ನೋಡಿದ. ಜೇಬಿನಿಂದ ಕೆಂಪು ಪೆನ್ನು ತೆಗೆದ, ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಪೆನ್ನು. ಆದರೆ ಅದನ್ನು ಹಾಳೆಗೆ ಮುಟ್ಟಿಸಲಿಲ್ಲ, ಅಂಗೈ ಮೇಲೆ ಲೆಕ್ಕ ಬರೆದುಕೊಂಡ.

"ಇಷ್ಟೊಂದು ಓಡ್ತಿತ್ತಾ?" ಎಂದ. "ನಾವು ಹೇಳಿದ್ದರ ಎರಡರಷ್ಟು."

"ಸರಿ ಇದೆಯಾ ಅಣ್ಣ?"

"ಸರಿ ಇದೆ. ಪೂರ್ತಿ ಸರಿ ಇದೆ."

"ಕಳಿಸೋಣ. ಅವರಿಗೆ ಬರ್ದು ಕಳಿಸೋಣ."

"ನನ್ ಜಾಗಕ್ಕೆ ಬಂದವ್ರು ಈಗ ಅಲ್ಲಿಗೆ ಹೋಗಿದಾರಲ್ಲ, ಅವ್ರು ಐಸ್ ಮೇಲೆ ನಿಂತ್ಕೊಂಡೇ ಅಳೀತಿರ್ತಾರೆ."

ಒಳಗಿನಿಂದ ಅಮ್ಮ ಊಟಕ್ಕೆ ತಟ್ಟೆ ಹಾಕಬೇಕು, ಅದನ್ನೆಲ್ಲ ಎತ್ತಿ ಎಂದಳು. ಅಣ್ಣ ಒಂದೊಂದೇ ಪಿನ್ ತೆಗೆದ. ಎರಡು ಹಾಳೆಗಳನ್ನೂ ಅಂಚು ಮಡಿಯದ ಹಾಗೆ ಸುತ್ತಿ ಡಬ್ಬಿಗೆ ಇಳಿಸಿ, ಮುಚ್ಚಳ ತಿರುಗಿಸಿ, ನನ್ನ ಕೈಗೆ ಕೊಟ್ಟ.

"ಇದು ನಿನ್ ಹತ್ರಾನೇ ಇರ್ಲಿ" ಎಂದ.

ಲೋಟಗಳನ್ನು ಎತ್ತಿಕೊಂಡು ನೀರು ತುಂಬಲು ಒಳಗೆ ಹೋದ. ಅಂಗೈಯ ಲೆಕ್ಕವನ್ನು ಅಲ್ಲೇ ತೊಳೆದುಕೊಂಡಿರಬೇಕು, ಊಟಕ್ಕೆ ಕೂತಾಗ ಕೆಂಪು ಇರಲಿಲ್ಲ.